ಕಾರ್ಲೆಯ ಚೈತ್ಯಗೃಹವನ್ನು ನೋಡುವ ಕ್ರಮ

ಮಹಾರಾಷ್ಟ್ರದ ಪುಣೆ ಜಿಲ್ಲೆಯಲ್ಲಿ, ಲೋಣಾವಳದ ಸಮೀಪದ ಬೆಟ್ಟವೊಂದರ ಮಗ್ಗುಲನ್ನು ಕೊರೆದು ಮಾಡಿದ ಕಾರ್ಲೆಯ ಚೈತ್ಯಗೃಹವು, ಎಂದರೆ ಬೌದ್ಧರ ಪ್ರಾರ್ಥನಾಮಂದಿರವು, ಭಾರತದಲ್ಲಿ ಉಳಿದುಬಂದಿರುವ ಬಂಡೆಗೊರೆತದ ಚೈತ್ಯಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಕ್ರಿ.ಶ. 1ನೆಯ ಶತಮಾನ ಮತ್ತು 2ನೆಯ ಶತಮಾನದ ಆರಂಭದ ನಡುವೆ ಇದರ ಮುಖ್ಯ ಕೆಲಸ ನಡೆಯಿತು. ಸುಮಾರು 45 ಮೀಟರ್ ಉದ್ದ, 14 ಮೀಟರ್ ಎತ್ತರದ ಈ ಒಳಾಂಗಣದಲ್ಲಿ ಒಂದೇ ಒಂದು ಕಲ್ಲನ್ನೂ ಮತ್ತೊಂದರ ಮೇಲೆ ಇಟ್ಟಿಲ್ಲ. ಇದ್ದ ಬಂಡೆಯಿಂದ ಬೇಡದ್ದನ್ನು ತೆಗೆದುಹಾಕಿದ್ದಾರೆ, ಅಷ್ಟೆ. ಆದರೂ ಇಲ್ಲಿಗೆ ಬರುವ ಬಹುಪಾಲು ಜನ ಬಾಗಿಲಿನಲ್ಲಿ ನಿಂತು ಒಂದು ಚಿತ್ರ ತೆಗೆದುಕೊಂಡು, ಒಳತುದಿಯಲ್ಲಿ ಬೌದ್ಧರು ಆರಾಧಿಸುತ್ತಿದ್ದ ಗುಮ್ಮಟದಂಥ ಸ್ತೂಪದವರೆಗೆ ನಡೆದು, ಹತ್ತು ನಿಮಿಷದಲ್ಲಿ ಹೊರಗೆ ಬಂದುಬಿಡುತ್ತಾರೆ. ಅದು ಅವರ ತಪ್ಪಲ್ಲ. ಎಲ್ಲಿ ನಿಲ್ಲಬೇಕು, ಯಾವುದನ್ನು ಮೊದಲು ನೋಡಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಈ ಕಟ್ಟಡವನ್ನು ನೋಡುವಾಗ ಪ್ರತಿಯೊಂದು ಭಾಗದ ಮುಂದೆಯೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಇದು ನಿಜವಾಗಿಯೂ ಭಾರ ಹೊರುತ್ತಿದೆಯೇ, ಅಥವಾ ಮರದ ಕಟ್ಟಡದಲ್ಲಿ ಭಾರ ಹೊರುತ್ತಿದ್ದುದರ ಅನುಕರಣೆಯೇ ಎಂಬುದು ಮೊದಲನೆಯದು. ಇದನ್ನು ಮಾಡಿಸಿಕೊಟ್ಟವರು ಯಾರು ಎಂಬುದು ಎರಡನೆಯದು. ಎರಡಕ್ಕೂ ಉತ್ತರಗಳು ಅಲ್ಲಿಯೇ, ಕಲ್ಲಿನ ಮೇಲೆಯೇ ಇವೆ. ಒಂದು ಆಕಾರದಲ್ಲಿದೆ, ಇನ್ನೊಂದು ಅಕ್ಷರದಲ್ಲಿದೆ.

ಹೊರಡುವ ಮುನ್ನ

ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳ ಕಡೆಯಿಂದ ಹೋಗುವವರು ಪುಣೆಯಲ್ಲಿ ಇಳಿದು, ಲೋಣಾವಳಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ಮಳವಲಿ ನಿಲ್ದಾಣಕ್ಕೆ ಬರುವುದು ಸುಲಭ. ಮಳವಲಿಯ ಒಂದು ಪಕ್ಕಕ್ಕೆ ಕಾರ್ಲೆಯ ಬೆಟ್ಟ, ಇನ್ನೊಂದು ಪಕ್ಕಕ್ಕೆ ಭಾಜೆಯ ಬೆಟ್ಟ. ಒಂದೇ ದಿನದಲ್ಲಿ ಎರಡನ್ನೂ ನೋಡಲು ಸಾಧ್ಯವಿದೆ. ಹಾಗೆ ನೋಡುವುದಾದರೆ ಬೆಳಿಗ್ಗೆ ಭಾಜೆಯನ್ನು, ಮಧ್ಯಾಹ್ನದ ನಂತರ ಕಾರ್ಲೆಯನ್ನು ನೋಡಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಇದಕ್ಕೆ ಎರಡು ಕಾರಣಗಳಿವೆ. ಭಾಜೆಯ ಚೈತ್ಯವು ಕ್ರಿ.ಪೂ. 2ನೆಯ ಶತಮಾನದ್ದಾದ್ದರಿಂದ ಕಾರ್ಲೆಯಲ್ಲಿ ಕಾಣುವ ಪ್ರೌಢ ರೂಪದ ಹಿಂದಿನ ಹೆಜ್ಜೆ ಅಲ್ಲಿ ದೊರೆಯುತ್ತದೆ. ಜೊತೆಗೆ ಕಾರ್ಲೆಯ ಚೈತ್ಯ ಪಶ್ಚಿಮಾಭಿಮುಖವಾಗಿರುವುದರಿಂದ ಇಳಿಹೊತ್ತಿನ ಬೆಳಕು ಗವಾಕ್ಷದ ಮೂಲಕ ಒಳಗೆ ಆಳವಾಗಿ ಹರಿಯುತ್ತದೆ. ಬೆಳಗಿನ ಹೊತ್ತು ಹೋದವರಿಗೆ ಒಳಗಿನ ಕಂಬಗಳ ಬೋದಿಗೆಗಳು, ಎಂದರೆ ಕಂಬದ ತಲೆಭಾಗದ ಕೆತ್ತನೆಗಳು, ಮಂಕಾಗಿಯೇ ಕಾಣುತ್ತವೆ. ಆದರೆ ಸ್ಮಾರಕವನ್ನು ಸಂಜೆ ಮುಚ್ಚುತ್ತಾರೆ, ಆದ್ದರಿಂದ ತೀರ ತಡಮಾಡುವಂತಿಲ್ಲ.

ಚೈತ್ಯದ ಎದುರಿಗೇ ಏಕವೀರಾ ದೇವಿಯ ಗುಡಿಯಿದೆ. ಕೊಂಕಣ ತೀರದ ಕೋಳಿ ಮತ್ತು ಆಗ್ರಿ ಸಮುದಾಯಗಳಿಗೆ ಈಕೆ ಕುಲದೇವತೆ. ಚೈತ್ರದ ಜಾತ್ರೆ ಮತ್ತು ನವರಾತ್ರಿಯ ದಿನಗಳಲ್ಲಿ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರದಷ್ಟು ಭಕ್ತರು ಸೇರುತ್ತಾರೆ. ಶಿಲ್ಪ ನೋಡಲು ಬರುವವರು ಆ ದಿನಗಳನ್ನು ಬಿಟ್ಟು ಬರುವುದು ಲೇಸು. ಉಳಿದ ದಿನಗಳಲ್ಲಿಯೂ ಬೆಟ್ಟ ಹತ್ತುವ ಹೆಚ್ಚಿನವರು ದೇವಿಯ ದರ್ಶನಕ್ಕೆ ಬಂದವರೇ ಎಂಬುದನ್ನು ನೆನಪಿಟ್ಟುಕೊಂಡು ಅವರ ಸಾಲಿಗೆ ಅಡ್ಡಬಾರದಂತೆ ನಡೆದುಕೊಳ್ಳಬೇಕು. ಮಳೆಗಾಲದಲ್ಲಿ ಬೆಟ್ಟದ ಮೇಲಿಂದ ನೀರು ಇಳಿಯುವುದನ್ನು ನೋಡಲು ಚೆಂದವಾದರೂ ಮೆಟ್ಟಿಲುಗಳು ಜಾರುತ್ತವೆ, ಒಳಗೆ ಕತ್ತಲೆ ಕವಿದಿರುತ್ತದೆ.

ಜೊತೆಗೆ ಒಯ್ಯಬೇಕಾದ ವಸ್ತುಗಳು ಹೆಚ್ಚೇನೂ ಇಲ್ಲ. ಸಣ್ಣದೊಂದು ದುರ್ಬೀನು ಇದ್ದರೆ ಬೋದಿಗೆಗಳ ಮೇಲಿನ ಸವಾರರನ್ನೂ ಚಾವಣಿಯ ತೊಲೆಗಳನ್ನೂ ಹತ್ತಿರದಿಂದ ಕಂಡಂತಾಗುತ್ತದೆ. ಅದಕ್ಕಿಂತ ಮುಖ್ಯವಾದುದು ನಾಲ್ಕೈದು ಬ್ರಾಹ್ಮಿ ಅಕ್ಷರಗಳ ಪರಿಚಯ. ಕಾರ್ಲೆಯ ಶಾಸನಗಳ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಎಲ್ಲವನ್ನೂ ಓದುವ ಅಗತ್ಯವಿಲ್ಲ. ವೃತ್ತದ ನಡುವೆ ಚುಕ್ಕಿ ಇದ್ದರೆ ಅದು 'ಥ', ಕೂಡುವ ಗುರುತಿನಂತಿದ್ದರೆ 'ಕ', ನೆಟ್ಟಗೆರೆಯ ಬುಡಕ್ಕೆ ಅಡ್ಡಗೆರೆ ಇದ್ದರೆ 'ನ'. ಕಾರ್ಲೆಯ ಕಾಲಕ್ಕೆ ಈ ಗೆರೆಗಳು ಸ್ವಲ್ಪ ಬಾಗಿವೆ, ಉದ್ದವಾಗಿವೆ, ಆದರೆ ಗುರುತು ಸಿಗುತ್ತದೆ. ಕಂಬದ ಮೇಲೆ 'ಥಭೋ ದಾನಂ' ಎಂಬ ಎರಡು ಪದಗಳನ್ನು ನೀವೇ ಬಿಡಿಸಿಕೊಂಡರೆ, 'ಈ ಕಂಬ ದಾನ' ಎಂದು ಕೊಟ್ಟವನೇ ನಿಮಗೆ ತಿಳಿಸಿದಂತಾಗುತ್ತದೆ.

ಭಾಜೆಯಲ್ಲಿ ಒಂದು ಗಂಟೆ

ಭಾಜೆಯಲ್ಲಿ ನೋಡಬೇಕಾದ ಸಂಗತಿಗಳು ಹಲವಿದ್ದರೂ ಕಾರ್ಲೆಯ ಪೂರ್ವಸಿದ್ಧತೆಯಾಗಿ ಒಂದನ್ನು ಮಾತ್ರ ಗಟ್ಟಿಯಾಗಿ ಗಮನಿಸಬೇಕು. ಅಲ್ಲಿನ ಚೈತ್ಯದೊಳಗಿನ 27 ಎಂಟುಮೂಲೆಯ ಕಂಬಗಳಲ್ಲಿ ಪೀಠವಿಲ್ಲ, ಬೋದಿಗೆಯಿಲ್ಲ, ಮತ್ತು ಅವು ನೆಟ್ಟಗೆ ನಿಂತಿಲ್ಲ, ಒಳಮುಖವಾಗಿ ವಾಲಿವೆ. ಮರದ ಕಟ್ಟಡದಲ್ಲಿ ಕಮಾನಿನಂತೆ ಬಾಗಿದ ಮಾಡು ತನ್ನ ಭಾರದಿಂದ ಕಂಬಗಳನ್ನು ಹೊರಕ್ಕೆ ತಳ್ಳುತ್ತದೆ. ಆ ಒತ್ತಡವನ್ನು ತಡೆಯಲು ಬಡಗಿಗಳು ಕಂಬಗಳನ್ನು ಒಳಕ್ಕೆ ವಾಲಿಸಿ ನಿಲ್ಲಿಸುತ್ತಿದ್ದರು. ಬಂಡೆಯೊಳಗೆ ಅಂಥ ಒತ್ತಡವೇ ಇಲ್ಲ, ಮಾಡೂ ಕಂಬವೂ ಒಂದೇ ಕಲ್ಲು. ಆದರೂ ಕಂಬಗಳು ವಾಲಿವೆ, ಏಕೆಂದರೆ ಚೈತ್ಯವೆಂದರೆ ಹಾಗಿರಬೇಕು ಎಂದು ಕೊರೆದವರಿಗೂ ಕೊರೆಸಿದವರಿಗೂ ಗೊತ್ತಿತ್ತು. ಇದಕ್ಕೂ ಹಿಂದೆ, ಕ್ರಿ.ಪೂ. 3ನೆಯ ಶತಮಾನದಲ್ಲಿ, ಬಿಹಾರದ ಬರಾಬರ್ ಬೆಟ್ಟದ ಲೋಮಶ ಋಷಿ ಗುಹೆಯ ಬಾಗಿಲುವಾಡವನ್ನು ಕೂಡ ಮರದ ಗುಡಿಸಿಲ ಮುಖದಂತೆಯೇ ಕಡೆದಿದ್ದರು. ಇಂದು ಒಂದೂ ಉಳಿಯದ ಆ ಕಾಲದ ಮರದ ಕಟ್ಟಡಗಳ ರೂಪವನ್ನು ನಾವು ಅರಿಯುವುದು ಹೆಚ್ಚಾಗಿ ಇಂಥ ಕಲ್ಲಿನ ನಕಲುಗಳಿಂದಲೇ.

ಭಾಜೆಯ ಚೈತ್ಯದ ಮುಂಭಾಗ ಪೂರ್ತಿ ತೆರೆದಿದೆ. ಒಂದು ಕಾಲದಲ್ಲಿ ಅಲ್ಲಿ ಮರದ ಮುಖಮಂಟಪವಿತ್ತು, ಈಗಿಲ್ಲ. ಕಾರ್ಲೆಗೆ ಹೋದಾಗ ಅಲ್ಲಿ ಏನು ಬದಲಾಗಿದೆ ಎಂಬುದನ್ನು ಅಳೆಯಲು ಈ ಎರಡು ಸಂಗತಿಗಳು ಮನಸ್ಸಿನಲ್ಲಿದ್ದರೆ ಸಾಕು.

ಕಾರ್ಲೆಯ ಅಂಗಳದಲ್ಲಿ

ಮೆಟ್ಟಿಲು ಹತ್ತಿ ಟಿಕೆಟ್ ಪಡೆದು ಅಂಗಳಕ್ಕೆ ಬಂದ ಕೂಡಲೇ ಒಳಗೆ ಹೋಗಬೇಡಿ. ಚೈತ್ಯಕ್ಕೆ ಮುಖಮಾಡಿ ನಿಂತರೆ ಎಡಗಡೆಗೆ ಎತ್ತರದ ಸಿಂಹಸ್ತಂಭವಿದೆ. ಅದರ ತಲೆಯ ಮೇಲೆ ಬೆನ್ನಿಗೆ ಬೆನ್ನು ಹೊಂದಿಸಿ ಕುಳಿತ ನಾಲ್ಕು ಸಿಂಹಗಳಿವೆ. ಅಶೋಕನ ಸ್ತಂಭಗಳ ಸಂಪ್ರದಾಯ ಇಲ್ಲಿ ಪಶ್ಚಿಮದ ಬೆಟ್ಟಗಳವರೆಗೆ ಬಂದಿದೆ. ಸ್ತಂಭದ ಮೇಲಿನ ಶಾಸನವು ಇದು ಗೋತಿಯ ಮಗನಾದ ಮಹಾರಠಿ ಅಗ್ನಿಮಿತ್ರಣಕನ ದಾನವೆಂದು ಹೇಳುತ್ತದೆ. ಮಹಾರಠಿಗಳು ಶಾತವಾಹನರ ಕಾಲದ ಪ್ರಬಲ ಸ್ಥಳೀಯ ಅಧಿಕಾರಿ ಮನೆತನದವರು. ಬಲಗಡೆಯಲ್ಲಿ, ಇನ್ನೊಂದು ಸ್ತಂಭವನ್ನು ನಿರೀಕ್ಷಿಸಬಹುದಾದ ಕಡೆ, ಈಗ ಏಕವೀರೆಯ ಗುಡಿಯಿದೆ. ಭಿಕ್ಷುಗಳು ಹೋಗಿ ಶತಮಾನಗಳೇ ಕಳೆದ ಮೇಲೂ ಈ ಬೆಟ್ಟಕ್ಕೆ ಜನ ಬರುವುದು ನಿಲ್ಲಲಿಲ್ಲವೆಂಬುದನ್ನು ಆ ಗುಡಿ ಸಾರುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೂ ಈ ಸ್ಥಳದ ಚರಿತ್ರೆಯ ಭಾಗವೇ. ಶಿಲ್ಪಪ್ರೇಮಿಗಳು ಅದನ್ನು ಅಡಚಣೆಯೆಂದು ಬಗೆಯಬಾರದು.

ಮುಂದೆ ಕಾಣುವುದು ಬಂಡೆಯಲ್ಲಿಯೇ ಬಿಟ್ಟ ಎತ್ತರದ ತೆರೆಗೋಡೆ. ಕೆಳಗೆ ಎರಡು ಎಂಟುಮೂಲೆಯ ದಪ್ಪ ಕಂಬಗಳು, ಅವುಗಳ ಮೇಲೆ ಒಂದಷ್ಟು ಬರಿಯ ಗೋಡೆ, ಅದರ ಮೇಲೆ ಸಣ್ಣ ಕಂಬಗಳ ತೆರಪು. ಭಾಜೆಯಲ್ಲಿ ಮರದಿಂದ ಮಾಡಿದ್ದ ಮುಂಭಾಗವನ್ನು ಇಲ್ಲಿ ಕಲ್ಲಿಗೆ ತಂದಿದ್ದಾರೆ. ಆದರೂ ಮರವನ್ನು ಪೂರ್ತಿ ಬಿಟ್ಟಿಲ್ಲ. ತೆರೆಗೋಡೆಯ ಮೇಲಿನ ಗುಳಿಗಳನ್ನು ಹುಡುಕಿ ನೋಡಿ, ಮರದ ಜೋಡಣೆಗಾಗಿ ತೊಲೆ ಸಿಕ್ಕಿಸಿದ್ದ ಗುರುತುಗಳು ಅವು.

ಮೊಗಸಾಲೆಯಲ್ಲಿ ಹೆಚ್ಚು ಹೊತ್ತು ನಿಲ್ಲಿ

ತೆರೆಗೋಡೆಯನ್ನು ದಾಟಿದರೆ ಅಗಲವಾದ ಮೊಗಸಾಲೆ. ನನ್ನ ಅನುಭವದಲ್ಲಿ ಜನ ಅತಿ ಬೇಗ ದಾಟಿಹೋಗುವ ಜಾಗ ಇದೇ, ಅತಿ ಹೆಚ್ಚು ಕೊಡುವ ಜಾಗವೂ ಇದೇ. ಮೊದಲು ಎಡ ಮತ್ತು ಬಲ ತುದಿಗಳ ಗೋಡೆಗಳನ್ನು ನೋಡಿ. ಪ್ರತಿ ತುದಿಯಲ್ಲಿ ಮೂರು ಮೂರು ಆನೆಗಳು ಬಂಡೆಯಿಂದ ಅರ್ಧ ಹೊರಬಂದು ನಿಂತಿವೆ, ಮತ್ತು ಅವುಗಳ ಬೆನ್ನ ಮೇಲೆ ಅಂತಸ್ತು ಅಂತಸ್ತಾಗಿ ಒಂದು ಮಹಲಿನ ಮುಖವೇ ಏರಿದೆ: ಕುದುರೆಲಾಳದ ಆಕಾರದ ಕಮಾನುಗಳ ಸಾಲು, ಅದರ ಮೇಲೆ ವೇದಿಕೆಯ ಕಟಕಟೆ, ಮತ್ತೆ ಕಮಾನುಗಳು, ಮತ್ತೆ ಕಟಕಟೆ. ಕಟಕಟೆಯ ಅಡ್ಡಪಟ್ಟಿಗಳು ನಿಲುಪಟ್ಟಿಗಳಿಗೆ ಸೇರುವ ರೀತಿ ಅಪ್ಪಟ ಬಡಗಿಯ ಕೆಲಸದ ಪ್ರತಿರೂಪ. ಇಲ್ಲಿ ಮೊದಲ ಪ್ರಶ್ನೆಯನ್ನು ಕೇಳಿಕೊಳ್ಳಿ. ಆನೆಗಳು ಏನನ್ನೂ ಹೊತ್ತಿಲ್ಲ. ಆದರೆ ಇಡೀ ಭಾರವೇ ಅವುಗಳ ಮೇಲಿದೆ ಎಂದು ಕಣ್ಣು ನಂಬುವಂತೆ ಶಿಲ್ಪಿ ಮಾಡಿದ್ದಾನೆ. ಎರಡನೆಯ ಪ್ರಶ್ನೆಗೂ ಉತ್ತರವಿದೆ: ಆನೆಗಳೂ ಅವುಗಳ ಮೇಲೆ ಕೆಳಗಿನ ಕಟಕಟೆಗಳೂ ಸ್ಥವಿರ ಇಂದ್ರದೇವನ ದಾನವೆಂದು ಶಾಸನ ಹೇಳುತ್ತದೆ. ಸ್ಥವಿರನೆಂದರೆ ಹಿರಿಯ ಭಿಕ್ಷು. ದಾನ ಪಡೆಯಬೇಕಾದ ಸಂಘದವರೇ ಇಲ್ಲಿ ದಾನಿಗಳೂ ಆಗಿದ್ದಾರೆ. ಕೋಡಿ ಎಂಬ ಭಿಕ್ಷುಣಿಯೊಬ್ಬಳು ಕಟಕಟೆಯನ್ನು ಮಾಡಿಸಿಕೊಟ್ಟಿರುವುದೂ ಇಲ್ಲಿನ ಶಾಸನಗಳಲ್ಲಿದೆ. ಆಕೆ ತನ್ನನ್ನು ಘುಣಿಕನ ತಾಯಿಯೆಂದು ಗುರುತಿಸಿಕೊಂಡಿದ್ದಾಳೆ.

ಈಗ ಒಳಗೋಡೆಗೆ ತಿರುಗಿ. ಮೂರು ಬಾಗಿಲುಗಳಿವೆ, ನಡುವಿನದು ನಡುಅಂಕಣಕ್ಕೆ, ಅಕ್ಕಪಕ್ಕದವು ಕಂಬಗಳಾಚೆಯ ಓಣಿಗಳಿಗೆ ತೆರೆಯುತ್ತವೆ. ಬಾಗಿಲುಗಳ ನಡುವೆ ಆಳೆತ್ತರವನ್ನೂ ಮೀರಿದ ದಂಪತಿಗಳ ಜೋಡಿಶಿಲ್ಪಗಳಿವೆ. ಹೆಗಲ ಮೇಲೆ ಕೈಯಿಟ್ಟು, ಒಂದಿಷ್ಟು ಸೊಂಟ ಬಾಗಿಸಿ, ತುಂಬಿದ ಮೈಯಲ್ಲಿ ನಿಂತ ಈ ಗಂಡುಹೆಣ್ಣುಗಳು ವೈರಾಗ್ಯದ ಮನೆಯ ಬಾಗಿಲಲ್ಲಿ ಏಕಿದ್ದಾರೆ ಎಂದು ಹಲವರು ಕೇಳುತ್ತಾರೆ. ಇವುಗಳಲ್ಲಿ ಒಂದು ಕೊಡುಗೆ ಭಿಕ್ಷುವೊಬ್ಬನದೇ ಎಂದು ಶಾಸನ ಹೇಳುವುದರಿಂದ, ಆ ಕಾಲದ ಸಂಘಕ್ಕೆ ಇದು ವಿರೋಧವಾಗಿ ಕಂಡಿರಲಿಲ್ಲವೆಂಬುದಷ್ಟು ಸ್ಪಷ್ಟ. ಸಮೃದ್ಧಿಯ, ಮಂಗಳದ ಚಿಹ್ನೆಯಾಗಿ ದಂಪತಿಗಳನ್ನು ಬಾಗಿಲಲ್ಲಿ ನಿಲ್ಲಿಸುವ ವಾಡಿಕೆ ಮುಂದೆ ಹಿಂದೂ ದೇವಾಲಯಗಳಲ್ಲಿಯೂ ಬೆಳೆಯಿತು. ಬಾದಾಮಿ, ಐಹೊಳೆಗಳನ್ನು ನೋಡಿದವರಿಗೆ ಈ ಜೋಡಿಗಳು ಪರಿಚಿತರೆನಿಸುತ್ತಾರೆ.

ದಂಪತಿಗಳ ಪಕ್ಕದಲ್ಲಿ ಬುದ್ಧನ ಮೂರ್ತಿಗಳೂ ಇವೆ. ಇವೆರಡನ್ನೂ ಒಂದೇ ಕಾಲದವೆಂದು ತಿಳಿದರೆ ಇಡೀ ಗೋಡೆ ಗೊಂದಲವಾಗುತ್ತದೆ. ಚೈತ್ಯವನ್ನು ಕೊರೆದ ಕಾಲದಲ್ಲಿ ಇಲ್ಲಿ ಬುದ್ಧನನ್ನು ಮನುಷ್ಯರೂಪದಲ್ಲಿ ಕಡೆದಿರಲಿಲ್ಲ. ಸ್ತೂಪವೇ ಆರಾಧ್ಯ ವಸ್ತು. ಹಲವು ಶತಮಾನಗಳ ನಂತರ, ಮಹಾಯಾನ ಪಂಥ ಪ್ರಬಲವಾದಾಗ, ಖಾಲಿಯಿದ್ದ ಜಾಗಗಳಲ್ಲಿ ಮತ್ತು ಹಳೆಯ ಕಟಕಟೆಗಳ ಕೆತ್ತನೆಯನ್ನು ಕಡಿದು ಮಾಡಿಕೊಂಡ ಜಾಗಗಳಲ್ಲಿ ಈ ಮೂರ್ತಿಗಳನ್ನು ಸೇರಿಸಿದರು. ಹತ್ತಿರದಿಂದ ನೋಡಿದರೆ ಕಟಕಟೆಯ ಪಟ್ಟಿ ತಟ್ಟನೆ ನಿಂತು ಮೂರ್ತಿಯ ಚೌಕಟ್ಟು ಆರಂಭವಾಗುವ ಗಡಿ ಕಾಣುತ್ತದೆ. ಆ ಗಡಿಯನ್ನು ಹುಡುಕಿಕೊಳ್ಳುವುದೇ ಮೊಗಸಾಲೆಯಲ್ಲಿ ಮಾಡಬೇಕಾದ ಮುಖ್ಯ ಅಭ್ಯಾಸ.

ಮೊಗಸಾಲೆಯನ್ನು ಬಿಡುವ ಮುನ್ನ ಕನ್ನಡಿಗರು ಎಡತುದಿಯಲ್ಲಿರುವ ಒಂದು ಶಾಸನಕ್ಕಾಗಿ ತಪ್ಪದೆ ನಿಲ್ಲಬೇಕು. ವೈಜಯಂತಿಯ ಶ್ರೇಷ್ಠಿ ಭೂತಪಾಲನು ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದನು ಎಂಬುದು ಅದರ ಸಾರ. ವೈಜಯಂತಿಯೆಂದರೆ ಉತ್ತರ ಕನ್ನಡದ ನಮ್ಮ ಬನವಾಸಿ. ಕದಂಬರ ರಾಜಧಾನಿಯಾಗುವುದಕ್ಕೆ ಶತಮಾನಗಳ ಮೊದಲೇ, ಅಲ್ಲಿನ ವರ್ತಕನೊಬ್ಬನ ಸಂಪತ್ತು ಸಹ್ಯಾದ್ರಿಯುದ್ದಕ್ಕೂ ಸಾಗಿ ಬೋರ್ ಘಾಟಿಯ ಬಳಿಯ ಈ ಬೆಟ್ಟಕ್ಕೆ ಬಂದಿತ್ತು. ತಾನು ಮುಗಿಸಿದ ಕೆಲಸವನ್ನು ದೇಶದಲ್ಲೇ ಉತ್ತಮವೆಂದು ಹೇಳಿಕೊಂಡ ಆತನ ಮಾತು ಬಡಾಯಿಯಲ್ಲ. ಆ ಕಾಲದ ಚೈತ್ಯಗಳನ್ನೆಲ್ಲ ನೋಡಿದ ಮೇಲೂ ಅದನ್ನು ಅಲ್ಲಗಳೆಯುವುದು ಕಷ್ಟ.

ಒಳಗೆ

ನಡುಬಾಗಿಲಿನಿಂದ ಒಳಗೆ ಬಂದು ನಾಲ್ಕು ಹೆಜ್ಜೆ ಇಟ್ಟು ನಿಂತುಕೊಳ್ಳಿ; ಕತ್ತಲೆಗೆ ಕಣ್ಣು ಹೊಂದಲು ಕೆಲವು ನಿಮಿಷ ಬೇಕು. ನಕ್ಷೆ ಸರಳವಾದುದು: ಉದ್ದನೆಯ ನಡುಅಂಕಣ, ಎರಡೂ ಪಕ್ಕ ಕಂಬಸಾಲು, ಅವುಗಳಾಚೆ ಇಕ್ಕಟ್ಟಾದ ಓಣಿ, ದೂರದ ತುದಿಯಲ್ಲಿ ಅರ್ಧವೃತ್ತವಾಗಿ ತಿರುಗುವ ಗೋಡೆ, ಅಲ್ಲಿ ಸ್ತೂಪ. ನಮ್ಮ ವಾಸ್ತು ಪರಿಭಾಷೆಯಲ್ಲಿ ಇದು ಗಜಪೃಷ್ಠಾಕಾರ. ಭಾಜೆಯನ್ನು ನೆನಪಿಸಿಕೊಂಡು ಕಂಬಗಳನ್ನು ನೋಡಿ. ಇವು ನೆಟ್ಟಗೆ ನಿಂತಿವೆ. ಮರದ ಮಾಡಿನ ಒತ್ತಡವನ್ನು ತಡೆಯುವ ವಾಲಿಕೆ ಕಲ್ಲಿಗೆ ಬೇಕಿಲ್ಲವೆಂದು ಸುಮಾರು ಎರಡು ಶತಮಾನಗಳ ಅಭ್ಯಾಸದಲ್ಲಿ ಶಿಲ್ಪಿಗಳಿಗೆ ಧೈರ್ಯ ಬಂದಿದೆ.

ಎರಡೂ ಪಕ್ಕದ ಹದಿನೈದು ಹದಿನೈದು ಕಂಬಗಳಿಗೆ ಮೆಟ್ಟಿಲಾಕಾರದ ಪೀಠದ ಮೇಲೆ ಕೊಡದಂಥ ಬುಡ, ಎಂಟುಮೂಲೆಯ ಕಾಂಡ, ಮೇಲೆ ಗಂಟೆಯಾಕಾರದ ಬೋದಿಗೆ. ಅದರ ಮೇಲೆ ನಡುಅಂಕಣದ ಕಡೆಗೆ ಮಂಡಿಯೂರಿದ ಎರಡು ಆನೆಗಳು, ಅವುಗಳ ಮೇಲೆ ಜೋಡಿ ಸವಾರರು, ಹೆಚ್ಚಾಗಿ ಗಂಡುಹೆಣ್ಣು, ಕೆಲವೆಡೆ ಇಬ್ಬರೂ ಹೆಂಗಸರು. ಓಣಿಯ ಕಡೆಗೆ ಹೋಗಿ ಹಿಂಬದಿಯನ್ನು ನೋಡಿದರೆ ಅಲ್ಲಿ ಕುದುರೆಗಳೂ ಇತರ ಪ್ರಾಣಿಗಳೂ ಇವೆ, ಒಬ್ಬೊಬ್ಬನೇ ಸವಾರನೊಂದಿಗೆ. ಕತ್ತಲೆಯ ಓಣಿಗೆ ಕಡಿಮೆ, ಬೆಳಕಿನ ಅಂಕಣಕ್ಕೆ ಹೆಚ್ಚು ಎಂಬ ಲೆಕ್ಕಾಚಾರ ಇಲ್ಲಿ ಸ್ಪಷ್ಟ. ಸ್ತೂಪದ ಹಿಂದಿನ ಏಳು ಕಂಬಗಳಲ್ಲಿ ಪೀಠವೂ ಇಲ್ಲ, ಬೋದಿಗೆಯೂ ಇಲ್ಲ. ಅಲ್ಲಿ ಕಣ್ಣು ಸ್ತೂಪವನ್ನು ಬಿಟ್ಟು ಬೇರೆಡೆಗೆ ಹೋಗಬಾರದೆಂದು ಶಿಲ್ಪಿ ಬಯಸಿದನೆಂದು ನಾನು ಭಾವಿಸುತ್ತೇನೆ.

ಕಂಬಗಳ ಮೇಲಿನ ಬರಹಗಳನ್ನು ಒಂದೊಂದಾಗಿ ಹುಡುಕಿ. ಧೇನುಕಾಕಟ ಎಂಬ ಊರಿನ ಹೆಸರು ಮತ್ತೆ ಮತ್ತೆ ಬರುತ್ತದೆ, ಅಲ್ಲಿನ ಯವನರು ಹಲವು ಕಂಬಗಳನ್ನು ಕೊಟ್ಟಿದ್ದಾರೆ. ಯವನರೆಂದರೆ ಗ್ರೀಕ್ ಮೂಲದವರು ಅಥವಾ ಪಶ್ಚಿಮದಿಂದ ಬಂದ ಪರದೇಶದವರು. ಸಿಹಧಯನಂಥ ಹೆಸರುಗಳನ್ನು ನೋಡಿದರೆ ಇಲ್ಲಿನ ಬಾಳಿಗೆ ಬೆರೆತುಹೋದವರು ಎಂದು ತೋರುತ್ತದೆ. ಸೊಪಾರದ ಸತಿಮಿತನೆಂಬ ಭಾಣಕ, ಎಂದರೆ ಧರ್ಮವಚನಗಳನ್ನು ಪಠಿಸುವ ಭಿಕ್ಷು, ಕೊಟ್ಟ ಕಂಬದ ವಿಶೇಷ ಬೇರೆ: ಅದು ಧಾತುವನ್ನು, ಅಂದರೆ ಪವಿತ್ರ ಅವಶೇಷವನ್ನು, ಒಳಗೊಂಡ ಕಂಬವೆಂದು ಶಾಸನ ಹೇಳುತ್ತದೆ. ಬಾಗಿಲ ಕೆಲಸಕ್ಕೆ ಸಂಬಂಧಿಸಿ ಇನ್ನಿಬ್ಬರ ಹೆಸರಿದೆ: ಗಂಧದ ವ್ಯಾಪಾರಿ ಸಿಂಹದತ್ತ ಮತ್ತು ವೇಣುವಾಸನ ಮಗನಾದ ಬಡಗಿ ಸಾಮಿ. ಕಲ್ಲಿನ ಕಟ್ಟಡದಲ್ಲಿ ಬಡಗಿಯ ಹೆಸರು ಏಕೆ ಎಂದು ಆಶ್ಚರ್ಯಪಡುವವರು ತಲೆಯೆತ್ತಿ ಚಾವಣಿಯನ್ನು ನೋಡಬೇಕು.

ಅಲ್ಲಿ ಸಾಲುಸಾಲಾಗಿ ಬಾಗಿರುವ ತೊಲೆಗಳು ಕಲ್ಲಿನವಲ್ಲ, ನಿಜವಾದ ಮರದವು, ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವು. ಬಂಡೆಯನ್ನು ಕಮಾನಿನ ಆಕಾರಕ್ಕೆ ಕೊರೆದು ಮುಗಿಸಿದ ಮೇಲೆ ಅವುಗಳನ್ನು ತಂದು ಕೂರಿಸಿದ್ದಾರೆ. ಅವು ಮಾಡಿನ ಒಂದು ತೃಣದಷ್ಟು ಭಾರವನ್ನೂ ಹೊತ್ತಿಲ್ಲ. ಎಲ್ಲವನ್ನೂ ತೆಗೆದರೂ ಬೆಟ್ಟ ಅಲುಗದು. ಆದರೂ ಅವಿಲ್ಲದೆ ಚೈತ್ಯ ಪೂರ್ಣವಾಗದೆಂದು ಅವರಿಗೆ ಅನ್ನಿಸಿತ್ತು. ಮೊದಲ ಪ್ರಶ್ನೆಗೆ ಕಾರ್ಲೆಯಲ್ಲಿ ಸಿಗುವ ಅತ್ಯಂತ ಸ್ಪಷ್ಟ ಉತ್ತರ ಇದು. ಹೊರಗೋಡೆಯ ದೊಡ್ಡ ಕುದುರೆಲಾಳದ ಗವಾಕ್ಷದಲ್ಲಿಯೂ ಮರದ ಜಾಲಂಧ್ರದ ಭಾಗಗಳು ಉಳಿದಿವೆ. ಹಿಂತಿರುಗಿ ಬಾಗಿಲಿನ ಕಡೆಗೆ ನೋಡಿದರೆ ಬೆಳಕಿನ ಎದುರಿಗೆ ಅದರ ಅಡ್ಡಪಟ್ಟಿಗಳು ಕಾಣುತ್ತವೆ.

ಸ್ತೂಪದ ಬಳಿಗೆ ಬಂದಾಗ ಕೆಳಗಿನಿಂದ ಮೇಲಕ್ಕೆ ನೋಡಿ: ಕಟಕಟೆಯ ಅಂಚಿರುವ ಎರಡು ಹಂತದ ದುಂಡು ಅಧಿಷ್ಠಾನ, ಅದರ ಮೇಲೆ ಅಲಂಕಾರವಿಲ್ಲದ ಅರ್ಧಗೋಳದ ಅಂಡ, ಅದರ ನೆತ್ತಿಯಲ್ಲಿ ಚೌಕಾಕಾರದ ಹರ್ಮಿಕೆ, ಅದರಿಂದ ಮೇಲಕ್ಕೆ ಮೆಟ್ಟಿಲುಮೆಟ್ಟಿಲಾಗಿ ಅಗಲವಾಗುವ ತಲೆಕೆಳಗಾದ ಪಿರಮಿಡ್ಡು, ಎಲ್ಲಕ್ಕೂ ಮೇಲೆ ಮರದ ಛತ್ರ. ಛತ್ರವೂ ಹಳೆಯದೇ; ಅದರ ಅಡಿಯಲ್ಲಿ ಸೂಕ್ಷ್ಮ ಕೆತ್ತನೆಯಿದ್ದು ದುರ್ಬೀನಿನಲ್ಲಿ ಚೆನ್ನಾಗಿ ಕಾಣುತ್ತದೆ. ನಂತರ ಎಡದ ಓಣಿಯಿಂದ ಹೊರಟು, ಸ್ತೂಪವನ್ನು ಬಲಕ್ಕಿಟ್ಟುಕೊಂಡು ಹಿಂದಿನಿಂದ ಸುತ್ತಿ, ಬಲದ ಓಣಿಯಿಂದ ಬನ್ನಿ. ಓಣಿಗಳನ್ನು ಕೊರೆದದ್ದೇ ಈ ಪ್ರದಕ್ಷಿಣೆಗಾಗಿ. ಕಂಬಗಳ ನಡುವಿನಿಂದ ಸ್ತೂಪವು ಮರೆಯಾಗುತ್ತ, ಮತ್ತೆ ತೋರುತ್ತ ಹೋಗುವುದನ್ನು ಕಂಡಮೇಲೆ ಕಂಬಗಳನ್ನು ಇಷ್ಟು ಒತ್ತಾಗಿ ಏಕೆ ಬಿಟ್ಟರೆಂಬುದು ತಿಳಿಯುತ್ತದೆ.

ಮರದ ಭಾಗಗಳನ್ನೂ ಅಕ್ಷರಗಳನ್ನೂ ಮುಟ್ಟಬೇಡಿ, ಶಾಸನದ ಮೇಲೆ ನೀರು ಅಥವಾ ಸೀಮೆಸುಣ್ಣ ಹಚ್ಚಿ ಓದಲು ಯತ್ನಿಸಬೇಡಿ. ಓರೆಯಾಗಿ ಬೀಳುವ ಬೆಳಕೇ ಅಕ್ಷರಗಳನ್ನು ಎದ್ದು ತೋರಿಸುತ್ತದೆ.

ಕೊರೆದ ಬಗೆ ಮತ್ತು ಪೋಷಿಸಿದ ಬಗೆ

ಸಹ್ಯಾದ್ರಿಯ ಈ ಬಂಡೆ ಲಾವಾ ಹರಿದು ಪದರಪದರವಾಗಿ ಗಟ್ಟಿಯಾದ ಕಪ್ಪು ಬಸಾಲ್ಟ್. ಕೆಲಸ ಮೇಲಿನಿಂದ ಕೆಳಕ್ಕೆ ಸಾಗುತ್ತಿತ್ತು: ಮೊದಲು ಎತ್ತರದಲ್ಲಿ ಒಳಹೊಕ್ಕು ಚಾವಣಿಯನ್ನು ಮುಗಿಸುವುದು, ಅಲ್ಲಿಂದ ನೆಲದ ಕಡೆಗೆ ಇಳಿಯುತ್ತ ಕಂಬಗಳಿಗೆ ಬೇಕಾದಷ್ಟು ಬಂಡೆಯನ್ನು ಬಿಡುವುದು. ಹೀಗೆ ಮಾಡಿದರೆ ಎತ್ತರಕ್ಕೆ ಸಾರುವೆ ಕಟ್ಟುವ ಪ್ರಮೇಯ ಬಹಳ ಕಡಿಮೆ. ಆದರೆ ಒಂದು ಬೋದಿಗೆಯ ಆನೆಯ ಸೊಂಡಿಲು ಮುರಿದರೆ ಅದಕ್ಕೆ ಬೇರೆ ಕಲ್ಲು ತರುವಂತಿಲ್ಲ. ಆದ್ದರಿಂದ ಕೆಲಸ ಆರಂಭವಾಗುವ ಮುನ್ನವೇ ಇಡೀ ಒಳಾಂಗಣವು ಯಾರೋ ಒಬ್ಬರ ಮನಸ್ಸಿನಲ್ಲಿ ಪೂರ್ಣವಾಗಿ ಇರಬೇಕಾಗಿತ್ತು. ಅವರ ಹೆಸರು ಶಾಸನಗಳಲ್ಲಿಲ್ಲ.

ಇಷ್ಟು ದೊಡ್ಡ ಕೆಲಸಕ್ಕೆ ಆಶ್ರಯ ದೊರೆತದ್ದು ದಾರಿಯಿಂದ. ಕಲ್ಯಾಣ, ಸೊಪಾರದಂಥ ಕೊಂಕಣದ ಬಂದರುಗಳಿಂದ ಘಟ್ಟವೇರಿ ಒಳನಾಡಿಗೆ ಹೋಗುವ ಸರಕು ಇದೇ ಕಣಿವೆಯಲ್ಲಿ ಸಾಗುತ್ತಿತ್ತು. ಶಾಸನಗಳಲ್ಲಿ ಈ ವಿಹಾರದ, ಎಂದರೆ ಭಿಕ್ಷುಗಳ ವಾಸಸ್ಥಾನದ, ಹೆಸರು ವಲೂರಕ. ಕ್ಷಹರಾತ ವಂಶದ ದೊರೆ ನಹಪಾನನ ಅಳಿಯ ಉಷವದಾತನು ವಲೂರಕದ ಭಿಕ್ಷುಗಳಿಗೆ ಕರಜಿಕ ಎಂಬ ಗ್ರಾಮವನ್ನು ಬಿಟ್ಟುಕೊಟ್ಟನು. ಶಾತವಾಹನರು ನಹಪಾನನನ್ನು ಸೋಲಿಸಿ ಈ ನಾಡನ್ನು ಮರಳಿ ಪಡೆದ ಬಳಿಕ ಅದೇ ಗ್ರಾಮವನ್ನು ಅದೇ ಸಂಘಕ್ಕೆ ತಮ್ಮ ಹೆಸರಿನಲ್ಲಿ ದತ್ತಿ ಬಿಟ್ಟ ಶಾಸನವೂ ಇಲ್ಲೇ ಇದೆ. ಆ ಆಜ್ಞೆ ಹೊರಟದ್ದು ಮಾಮಾಲದ ಅಧಿಕಾರಿಗೆ. ಈ ಪ್ರದೇಶ ಇಂದಿಗೂ ಮಾವಳ. ರಾಜರು ಕಾದಾಡಿದರು, ಗೆದ್ದವರು ಸೋತವರ ದಾನವನ್ನು ಕಸಿದುಕೊಳ್ಳಲಿಲ್ಲ. ಈ ಎರಡು ಶಾಸನಗಳನ್ನು ಒಂದರ ನಂತರ ಒಂದು ನೋಡುವುದಕ್ಕೆಂದೇ ಮತ್ತೊಮ್ಮೆ ಮುಂಭಾಗಕ್ಕೆ ಬರುವುದು ಸಾರ್ಥಕ.

ಸಮಯ ಉಳಿದಿದ್ದರೆ

ಅಕ್ಕಪಕ್ಕದ ವಿಹಾರಗಳನ್ನು ಬೇಗ ನೋಡಿ ಮುಗಿಸಬಹುದು. ಅಂತಸ್ತುಗಳಿರುವ ವಿಹಾರಗಳಲ್ಲಿ ಮಲಗುವ ಕಲ್ಲಿನ ಜಗಲಿಗಳಿರುವ ಸಣ್ಣ ಕೋಣೆಗಳೂ ನೀರಿನ ತೊಟ್ಟಿಗಳೂ ಇವೆ. ಇನ್ನೊಂದು ದಿನ ಇದ್ದವರು ಹತ್ತಿರದ ಬೇಡಸೆಯ ಗುಹೆಗಳಿಗೆ ಹೋದರೆ, ಸವಾರರಿರುವ ಗಂಟೆಯಾಕಾರದ ಬೋದಿಗೆಗಳು ಮೊದಲು ಮೊಗಸಾಲೆಯ ಕಂಬಗಳಲ್ಲಿ ಹೇಗಿದ್ದವೆಂಬುದನ್ನು ಕಾಣಬಹುದು. ಮುಂಬಯಿಯ ಕಾನ್ಹೇರಿಯ ದೊಡ್ಡ ಚೈತ್ಯವು ಕಾರ್ಲೆಯನ್ನು ಅನುಸರಿಸಿ ಮಾಡಿದ್ದು; ಅಲ್ಲಿ ಎಲ್ಲ ಕಂಬಗಳಿಗೂ ಅಲಂಕಾರದ ಕೆಲಸ ಪೂರ್ಣವಾಗಿಲ್ಲದಿರುವುದರಿಂದ, ಕಾರ್ಲೆಯಲ್ಲಿ ಭೂತಪಾಲನ 'ಪೂರ್ಣಗೊಳಿಸಿದನು' ಎಂಬ ಮಾತಿನ ತೂಕ ಅಲ್ಲಿ ಅರಿವಾಗುತ್ತದೆ.

ಕರ್ನಾಟಕಕ್ಕೆ ಮರಳಿದ ಮೇಲೆ ಇದೇ ಕಾಲಘಟ್ಟವನ್ನು ಬೇರೆ ಬಗೆಯಲ್ಲಿ ನೋಡಲು ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿಗೆ ಹೋಗಬೇಕು. ಅಲ್ಲಿನದು ಬಂಡೆ ಕೊರೆದದ್ದಲ್ಲ, ಭೀಮಾ ತೀರದ ಬಯಲಿನಲ್ಲಿ ಕಟ್ಟಿ ಸುಣ್ಣಕಲ್ಲಿನ ಶಿಲ್ಪಫಲಕಗಳನ್ನು ಹೊದಿಸಿದ್ದ ಮಹಾಸ್ತೂಪ, ಮತ್ತು ಅದರ ಒಂದು ಫಲಕದ ಮೇಲೆ ರಾಜ ಅಶೋಕನ ಹೆಸರನ್ನು ಅವನ ಚಿತ್ರದೊಂದಿಗೇ ಕೆತ್ತಿದ್ದಾರೆ. ಕಾರ್ಲೆಯಲ್ಲಿ ಕಲಿತ ಬ್ರಾಹ್ಮಿ ಅಕ್ಷರಗಳು ಅಲ್ಲಿಯೂ ಉಪಯೋಗಕ್ಕೆ ಬರುತ್ತವೆ. ಕಟಕಟೆ, ಅಂಡ, ಛತ್ರಗಳನ್ನು ಅಲ್ಲಿನ ಫಲಕಗಳಲ್ಲಿ ಕೆತ್ತಿದ ಸ್ತೂಪಗಳ ಚಿತ್ರಗಳೊಂದಿಗೆ ಒಂದೊಂದಾಗಿ ಹೋಲಿಸಿ ನೋಡಿ.